ಹೆಸರು ಹೇಳಿ ನಿಲ್ಲುವುದು

ಸೋಮವತಿ ಅಮಾವಾಸ್ಯೆಯ ದಿನ ಜೇಜುರಿಯಲ್ಲಿ ಯಾರ ಮುಖವೂ ಅವರದಾಗಿ ಉಳಿಯುವುದಿಲ್ಲ. ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಆ ಗುಡ್ಡದ ಊರಿನಲ್ಲಿ ಖಂಡೋಬನ ಪಲ್ಲಕ್ಕಿ ಕೋಟೆಯಂಥ ದೇಗುಲದಿಂದ ಇಳಿದು ಕರ್ಹಾ ನದಿಯ ಸ್ನಾನಕ್ಕೆ ಹೊರಡುವಾಗ ಜನ ಹಿಡಿಹಿಡಿಯಾಗಿ ಭಂಡಾರ ತೂರುತ್ತಾರೆ. ಅರಿಸಿನದ ಆ ಪುಡಿ ಮೆಟ್ಟಿಲುಗಳ ಮೇಲೆ, ಕಲ್ಲಿನ ದೀಪಮಾಲೆಗಳ ಮೇಲೆ, ರುಮಾಲು ಸೆರಗುಗಳ ಮೇಲೆ, ಹುಬ್ಬು ರೆಪ್ಪೆಗಳ ಮೇಲೆ ಒಂದೇ ಸಮನಾಗಿ ಕೂರುತ್ತದೆ. ಮುದುಕರ ಸುಕ್ಕು, ಹುಡುಗರ ನುಣುಪು, ಬಡವ ಬಲ್ಲಿದರ ಮೈಬಣ್ಣ ಎಲ್ಲವೂ ಆ ಹಳದಿಯ ಅಡಿಗೆ ಸರಿಯುತ್ತವೆ. ಆದರೂ ತಾಯಿ ತನ್ನ ಮಗನನ್ನು ನಡಿಗೆಯಿಂದ ಕಂಡುಹಿಡಿಯುತ್ತಾಳೆ. ಹೆಂಡತಿ ಗಂಡನನ್ನು ಕೆಮ್ಮಿನಿಂದ ಗುರುತಿಸುತ್ತಾಳೆ. ಬಹಳ ದಿನಗಳ ಮೇಲೆ ಸಿಕ್ಕ ಬೀಗರು ಕೈಮುಗಿಯುವ ರೀತಿಯಿಂದಲೇ ಪರಸ್ಪರ ಗೊತ್ತಾಗುತ್ತಾರೆ. ಒಂದು ದಾರಿ ಮುಚ್ಚಿದರೆ ಗುರುತು ಇನ್ನೊಂದು ದಾರಿಯಿಂದ ಬಂದು ತಲುಪುತ್ತದೆ. ಹಾಗಾದರೆ ಆ ದಾರಿಗಳೆಲ್ಲ ಬಂದು ಸೇರುವ ಸ್ಥಳ ಯಾವುದು? ಅಲ್ಲಿಯೇ ಕ್ಷಯ ಹಿಡಿದರೆ ಮನುಷ್ಯನಿಗೆ ಉಳಿಯುವುದೇನು? ಇತ್ತೀಚೆಗೆ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ ಇದು.

ಕನ್ನಡ ಸೀಮೆಯಿಂದ ಜೇಜುರಿಗೆ ಹೋಗುವ ಭಕ್ತರ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ವಿಜಯಪುರ, ಬೆಳಗಾವಿ, ಕಲಬುರಗಿ, ಸೊಲ್ಲಾಪುರದ ಕಡೆಯ ಎಷ್ಟೋ ಮನೆತನಗಳಿಗೆ ಮೈಲಾರಲಿಂಗನೇ ಕುಲದೈವ. ಅವರು ಬಲ್ಲ ಮೈಲಾರ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿದ್ದಾನೆ, ರಾಣೆಬೆನ್ನೂರು ಬಳಿಯ ದೇವರಗುಡ್ಡದಲ್ಲಿದ್ದಾನೆ, ಮಂಗಸೂಳಿಯಲ್ಲಿದ್ದಾನೆ, ಬೀದರ ಸೀಮೆಯ ಆದಿಮೈಲಾರದಲ್ಲಿದ್ದಾನೆ. ಜೇಜುರಿಯಲ್ಲಿ ಅವನ ಹೆಸರು ಖಂಡೋಬ, ಮಲ್ಹಾರಿ, ಮಾರ್ತಂಡ. ಅವನ ಮಡದಿ, ನಮ್ಮ ಗಂಗಿಮಾಳಮ್ಮ, ಅಲ್ಲಿ ಮ್ಹಾಳಸಾ. ಅವನ ಇನ್ನೊಬ್ಬ ಮಡದಿ, ಕುರುಬರ ಮನೆಯ ಮಗಳು, ಅಲ್ಲಿ ಧನಗರರ ಮಗಳು ಬಾಣಾಯಿ. ಡಮರು ಹಿಡಿದ ಗೊರವಯ್ಯನ ಸ್ಥಾನದಲ್ಲಿ ಅಲ್ಲಿ ವಾಘ್ಯಾ ನಿಂತಿದ್ದಾನೆ. ಹೆಸರು ಬೇರೆ, ನುಡಿ ಬೇರೆ, ಮೂರ್ತಿಯ ಮೇಲಿನ ಲೋಹದ ಮುಖವೂ ಬೇರೆ. ಆದರೆ ಕುದುರೆ ಇದೆ, ನಾಯಿ ಇದೆ, ಅರಿಸಿನವಿದೆ, ಮಣಿಮಲ್ಲಾಸುರರ ಸಂಹಾರದ ಕಥೆಯಿದೆ, ಏಳುಕೋಟಿಯ ಘೋಷವಿದೆ. ಮೆಟ್ಟಿಲು ಹತ್ತಿ ಬಂದ ಕನ್ನಡದ ಮುದುಕಿ ಒಂದು ಕ್ಷಣವೂ ತಡವರಿಸದೆ ಇವನು ನಮ್ಮ ಮೈಲಾರನೇ ಎಂದು ಕೆನ್ನೆ ಬಡಿದುಕೊಳ್ಳುತ್ತಾಳೆ. ಬಿಡಿಬಿಡಿಯಾದ ಕುರುಹುಗಳನ್ನು ಒಟ್ಟುಗೂಡಿಸಿ ಇವೆಲ್ಲ ಒಬ್ಬನವೇ ಎಂದು ತೀರ್ಮಾನಿಸುವ ಶಕ್ತಿ ಅವಳೊಳಗಿದೆ. ಆ ಶಕ್ತಿಗೆ ಮಿದುಳಿನಲ್ಲಿ ಒಂದು ನೆಲೆಯೂ ಇದೆ. ಕಿವಿಯ ಮುಂದೆ, ಕಪೋಲದ ಒಳಗೆ, ಎಡಬಲಗಳಲ್ಲಿ ಮಿದುಳು ಮುಂಚಾಚಿ ನಿಂತ ತುದಿಯಲ್ಲಿ ಹೆಸರು, ಮುಖ, ದನಿ, ಉಪಯೋಗ, ಕಥೆ ಎಲ್ಲವೂ ಕೂಡಿ ಒಂದು ಅರ್ಥವಾಗುತ್ತವೆ ಎಂದು ನರವಿಜ್ಞಾನಿಗಳು ಈಗ ಬಹುಮಟ್ಟಿಗೆ ಒಪ್ಪುತ್ತಾರೆ.

ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಎಂಬ ವ್ಯಾಧಿ ಹಣೆಯ ಹಿಂದಿನ ಭಾಗವನ್ನೂ ಈ ಕಪೋಲದ ತುದಿಯನ್ನೂ ಮೆಲ್ಲಮೆಲ್ಲಗೆ ಕುಗ್ಗಿಸುತ್ತದೆ. ಟೌ ಅಥವಾ ಟಿಡಿಪಿ-43 ಎಂಬ ಪ್ರೋಟೀನು ತನ್ನ ಸಹಜ ರೂಪ ಕಳೆದುಕೊಂಡು ನರಕೋಶಗಳಲ್ಲಿ ಗಂಟುಗಟ್ಟುವುದು ಇದರ ಸಾಮಾನ್ಯ ಕಾರಣ. ಕೆಲವು ಕುಟುಂಬಗಳಲ್ಲಿ ಅದು ವಂಶಪಾರಂಪರ್ಯವಾಗಿಯೂ ಬರುತ್ತದೆ. ಮುಪ್ಪಿಗಾಗಿ ಕಾಯದೆ ಬಹುಪಾಲು 45ರಿಂದ 65ರ ನಡುವಣ ವಯಸ್ಸಿನಲ್ಲೇ ಇದು ಕಾಲಿಡುತ್ತದೆ. ಪ್ರಾಗ್ ನಗರದ ವೈದ್ಯ ಅರ್ನಾಲ್ಡ್ ಪಿಕ್ 1892ರಲ್ಲಿ, ದಿನೇದಿನೇ ಮಾತು ಕಳೆದುಕೊಂಡ 71 ವರ್ಷದ ವೃದ್ಧನೊಬ್ಬನ ವೃತ್ತಾಂತವನ್ನು ಬರೆದಿಟ್ಟ. ಆತನ ಮಿದುಳಿನ ಎಡ ಕಪೋಲಭಾಗ ಸೊರಗಿತ್ತು. ಆ ಬಳಿಕ ಬಹುಕಾಲ ಇದು ಅಪರೂಪದ ಕುತೂಹಲವಾಗಿಯೇ ಉಳಿಯಿತು. 1975ರಲ್ಲಿ ಲಂಡನ್ನಿನ ಎಲಿಜಬೆತ್ ವಾರಿಂಗ್ಟನ್ ಮೂವರು ರೋಗಿಗಳನ್ನು ಪರೀಕ್ಷಿಸಿ ಒಂದು ವಿಚಿತ್ರವನ್ನು ಕಂಡರು. ಅವರ ಬುದ್ಧಿ ಮಂಕಾಗಿರಲಿಲ್ಲ, ಕಣ್ಣು ಸರಿಯಾಗಿತ್ತು, ವಾಕ್ಯಗಳು ವ್ಯಾಕರಣಬದ್ಧವಾಗಿದ್ದವು. ಆದರೆ ಪದಗಳಿಗೂ ಚಿತ್ರಗಳಿಗೂ ಇರಬೇಕಾದ ಅರ್ಥ ಒಳಗಿನಿಂದ ಸವೆದುಹೋಗಿತ್ತು. ಮರೆವು ಎಂದೊಡನೆ ನಾವು ನೆನೆಯುವುದು ಘಟನೆಗಳ ಮರೆವನ್ನು: ಬೀಗದ ಕೈ ಎಲ್ಲಿಟ್ಟೆ, ಊಟ ಮಾಡಿದೆನೋ ಇಲ್ಲವೋ. ಇಲ್ಲಿ ಕಳೆಯುವುದು ಬೀಗದ ಕೈ ಇಟ್ಟ ಜಾಗದ ನೆನಪಲ್ಲ, ಬೀಗದ ಕೈ ಎಂದರೇನು ಎಂಬ ತಿಳಿವು.

ಈ ಸವೆತ ಎಡಭಾಗದಲ್ಲಿ ಹೆಚ್ಚಾದರೆ ಮೊದಲು ಹೆಸರುಗಳು ಹೋಗುತ್ತವೆ. ಬಲಭಾಗದಲ್ಲಿ ಹೆಚ್ಚಾದರೆ ಮುಖಗಳು. ಬಲದ ರೋಗಿಗೆ ಕಣ್ಣು, ಮೂಗು, ತುಟಿ, ಕೂದಲ ಬಣ್ಣ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಎರಡು ಭಾವಚಿತ್ರಗಳನ್ನು ಕೊಟ್ಟರೆ ಒಂದೇ ವ್ಯಕ್ತಿಯವೋ ಬೇರೆಯವರವೋ ಎಂದು ಆರಂಭದಲ್ಲಿ ಆತ ಹೇಳಬಲ್ಲ. ಆದರೆ ಆ ಮುಖ ಯಾರದೆಂದು ಒಳಗಿನಿಂದ ಉತ್ತರ ಬರುವುದಿಲ್ಲ. ಮುಖದ ಗುರುತು ಮಾತ್ರ ಅಳಿಯಬಲ್ಲದು ಎಂಬ ಸಂಗತಿಗೆ 1947ರಲ್ಲಿ ಜರ್ಮನಿಯ ಯೋಆಖಿಂ ಬೋಡಮರ್ ಒಂದು ಹೆಸರು ಕೊಟ್ಟ. ಆತ ವರ್ಣಿಸಿದ್ದು ಮಿದುಳಿಗೆ ಪೆಟ್ಟಾದವರ ಸ್ಥಿತಿಯನ್ನು. ಪೆಟ್ಟಿನಿಂದ ಮುಖದ ಗುರುತು ಕಳೆದುಕೊಂಡವರಿಗೆ ದನಿ ನೆರವಾಗುತ್ತದೆ, ನಡಿಗೆ ನೆರವಾಗುತ್ತದೆ. ಭಂಡಾರ ಮುಸುಕಿದ ಜೇಜುರಿಯ ಜನರಂತೆ ಅವರು ಇನ್ನೊಂದು ದಾರಿಯಿಂದ ತಮ್ಮವರನ್ನು ತಲುಪುತ್ತಾರೆ. ಈ ವ್ಯಾಧಿಯಲ್ಲಿ ಅಂಥ ಸಮಾಧಾನಕ್ಕೆ ಬಹುಕಾಲ ಅವಕಾಶವಿಲ್ಲ. ಮೊದಲು ಮುಖ, ಆಮೇಲೆ ದೂರವಾಣಿಯಲ್ಲಿ ಕೇಳುವ ದನಿ, ಕೊನೆಗೆ ಹೆಸರು ಕೂಡ ಬರಿದಾಗುತ್ತವೆ. ಏಕೆಂದರೆ ಸವೆಯುತ್ತಿರುವುದು ದಾರಿಗಳು ಕೂಡುವ ಸ್ಥಳವೇ. ಅಣ್ಣನ ಹೆಸರು ಹೇಳಿದರೆ ಅದು ಯಾರೋ ಒಬ್ಬರ ಹೆಸರು. ಅಣ್ಣನ ಮುಖ ತೋರಿಸಿದರೆ ಅದು ಯಾವುದೋ ಒಂದು ಮುಖ. ಇವೆರಡೂ ಸೇರಿ ಒಡಹುಟ್ಟಿದವನಾಗುವ ಕೆಲಸ ನಿಂತುಹೋಗಿದೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಈ ವ್ಯಾಧಿಯಲ್ಲಿ ಕಾಲ ಹರಿಯುವ ದಿಕ್ಕು. ಆಲ್ಝೈಮರ್ ಕಾಯಿಲೆಯ ಮನೆಗಳಲ್ಲಿ ಎಲ್ಲರಿಗೂ ಅನುಭವವಿದೆ: ಬೆಳಗಿನ ಉಪಾಹಾರ ನೆನಪಿಲ್ಲ, ಐವತ್ತು ವರ್ಷದ ಹಿಂದಿನ ಮದುವೆಯ ಚಪ್ಪರ ನೆನಪಿದೆ. ಹಳೆಯದು ಗಟ್ಟಿ, ಹೊಸದು ನೀರಿನ ಮೇಲಿನ ಬರಹ. ಬಾಲ್ಯದ ಸಂಗತಿಗಳು ಕೊನೆಯವರೆಗೂ ನಮ್ಮ ಕೈಬಿಡಲಾರವು ಎಂಬ ಭರವಸೆಯಲ್ಲಿ ನಾವು ಒಂದು ಬಗೆಯ ಸಾಂತ್ವನವನ್ನೂ ಕಂಡುಕೊಂಡಿದ್ದೇವೆ. ಅರ್ಥ ಸವೆಯುವ ಈ ಇನ್ನೊಂದು ವ್ಯಾಧಿಯಲ್ಲಿ ಕ್ರಮ ತಲೆಕೆಳಗಾಗುತ್ತದೆ ಎಂದು 1990ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಗಮನಿಸಿದರು. ನಿನ್ನೆ ಮೊನ್ನೆಯ ಸಂಗತಿಗಳು ಉಳಿದಿರುತ್ತವೆ, ದಶಕಗಳ ಹಿಂದಿನವು ಕರಗಿರುತ್ತವೆ. ಜಗತ್ತೇ ಬಲ್ಲ ನಾಯಕರು ಅಪರಿಚಿತರಾಗುತ್ತಾರೆ. ನಿತ್ಯ ಹಾಲು ತರುವ ಹುಡುಗ ಪರಿಚಿತನಾಗಿ ಉಳಿಯುತ್ತಾನೆ. ವಸ್ತುಗಳ ವಿಷಯವೂ ಹಾಗೆಯೇ: ತಾನು ದಿನವೂ ನೀರು ಕುಡಿಯುವ ಲೋಟ ಲೋಟವಾಗಿಯೇ ಇರುತ್ತದೆ, ಬೇರೆ ಮನೆಯ ಬೇರೆ ಆಕಾರದ ಲೋಟ ಒಂದು ಗೂಢವಸ್ತುವಾಗುತ್ತದೆ. ಅಂದರೆ ಇಲ್ಲಿ ಬಾಳಿಕೆ ಬರುವುದು ಹಳೆತನದ ಬಲದಿಂದಲ್ಲ, ಸಾಮೀಪ್ಯದ ಬಲದಿಂದ. ನಲವತ್ತು ವರ್ಷದ ಸ್ನೇಹ ವರ್ಷಕ್ಕೊಮ್ಮೆ ಮಾತ್ರ ಬಂದುಹೋದರೆ ಅಳಿಯುತ್ತದೆ; ಮೊನ್ನೆ ಬಂದ ಸೊಸೆ ದಿನವೂ ಎದುರಿಗೆ ಕೂತು ಅನ್ನ ಬಡಿಸಿದರೆ ಸ್ವಲ್ಪ ಕಾಲ ನಿಲ್ಲುತ್ತಾಳೆ. ಪರಿಚಯವನ್ನು ನಾವು ಒಮ್ಮೆ ಗಳಿಸಿ ತಿಜೋರಿಯಲ್ಲಿಟ್ಟ ಸಂಪತ್ತೆಂದು ಭಾವಿಸಿದ್ದೇವೆ. ಅದು ಬಹುಶಃ ಯಾವಾಗಲೂ ನಿತ್ಯದ ದುಡಿಮೆಯೇ ಆಗಿತ್ತು. ಆರೋಗ್ಯವಂತ ಮಿದುಳು ಆ ದುಡಿಮೆಯನ್ನು ನಮಗೆ ಕಾಣದಂತೆ ಮುಚ್ಚಿಟ್ಟಿತ್ತು.

ಮುಖಕ್ಕೆ ಸಂಬಂಧಿಸಿದ ಇನ್ನೊಂದು ನಷ್ಟವಿದೆ. ಅದು ಮೇಲುನೋಟಕ್ಕೆ ಕಾಣದ್ದರಿಂದ ಹೆಚ್ಚು ಕ್ರೂರ. ಹಣೆಯ ಹಿಂದಿನ ಭಾಗ ಮೊದಲು ಕುಗ್ಗಿದವರಲ್ಲಿ ಯಾರೆಂಬ ಗುರುತು ಉಳಿದಿರುತ್ತದೆ, ಎದುರಿನ ಮುಖದ ಮೇಲಿನ ಭಾವ ಓದುವುದು ತಪ್ಪಿರುತ್ತದೆ. ಹೆಂಡತಿ ಅಳುತ್ತಿದ್ದಾಳೆ ಎಂಬುದು ಕಣ್ಣಿಗೆ ಬೀಳುತ್ತದೆ, ಮನಸ್ಸಿಗೆ ತಟ್ಟುವುದಿಲ್ಲ. ದುಃಖ, ಭಯ, ಅಸಹ್ಯದಂಥ ಭಾವಗಳೇ ಮೊದಲು ಅಪಾರದರ್ಶಕವಾಗುತ್ತವೆ. ಮಿದುಳಿನ ಮುಂಭಾಗದಲ್ಲಿ ವಾನ್ ಇಕಾನಮೊ ಎಂಬ ವಿಜ್ಞಾನಿಯ ಹೆಸರು ಹೊತ್ತ, ಕದಿರಿನಾಕಾರದ ದೊಡ್ಡ ನರಕೋಶಗಳಿವೆ. ಮನುಷ್ಯರಲ್ಲಿ, ದೊಡ್ಡ ವಾನರಗಳಲ್ಲಿ, ಆನೆ ತಿಮಿಂಗಿಲಗಳಲ್ಲಿ ಅವು ಕಂಡುಬಂದಿವೆ. ಈ ವ್ಯಾಧಿ ವಿಶೇಷವಾಗಿ ಆ ಕೋಶಗಳನ್ನೇ ಅರಸಿ ಅಳಿಸುತ್ತದೆ ಎಂದು 2006ರಲ್ಲಿ ವಿಲಿಯಂ ಸೀಲಿ ಮತ್ತು ಸಂಗಡಿಗರು ತೋರಿಸಿದರು. ಮನೆಯವರಿಗೆ ಇದು ತಿಳಿದಿರುವುದಿಲ್ಲ. ಐವತ್ತೆರಡು ವರ್ಷದ ಗೃಹಸ್ಥ ಸಾವಿನ ಮನೆಯಲ್ಲಿ ನಕ್ಕರೆ, ಮಗಳ ಕಣ್ಣೀರಿನ ಎದುರು ಎರಡನೆಯ ಸಲ ಸಿಹಿ ಬಡಿಸಿಕೊಂಡರೆ, ಅದನ್ನು ಕಾಯಿಲೆಯೆಂದು ಯಾರು ಎಣಿಸುತ್ತಾರೆ? ಗುಣ ಕೆಟ್ಟಿತು ಎನ್ನುತ್ತಾರೆ, ಯಾರದೋ ಸಹವಾಸ ಎನ್ನುತ್ತಾರೆ, ಹರಕೆ ತೀರಿಸದ ದೋಷ ಎನ್ನುತ್ತಾರೆ. ವೈದ್ಯರ ಬಾಗಿಲು ತಲುಪುವ ಹೊತ್ತಿಗೆ ಸಂಸಾರದಲ್ಲಿ ಎಷ್ಟೋ ಕಹಿ ಮಾತುಗಳು ಆಗಿಹೋಗಿರುತ್ತವೆ, ಅವುಗಳನ್ನು ಹಿಂತೆಗೆದುಕೊಳ್ಳಲು ಕೇಳುವ ಮನಸ್ಸೇ ಎದುರಿಗಿರುವುದಿಲ್ಲ.

ಮಾತು ಅಳಿಯುವ ಬಗೆಯೂ ಒಂದೇ ಅಲ್ಲ. ಅರ್ಥ ಸವೆದವರಲ್ಲಿ ಮಾತಿನ ಹರಿವು ಸುಗಮವಾಗಿಯೇ ಇರುತ್ತದೆ. ಅದರೊಳಗಿನ ವಿಶೇಷಗಳು ಮಾತ್ರ ಒಂದೊಂದಾಗಿ ಸಾಮಾನ್ಯಗಳಾಗುತ್ತವೆ. ಗಿಳಿ ಹಕ್ಕಿಯಾಗುತ್ತದೆ, ಹಕ್ಕಿ ಪ್ರಾಣಿಯಾಗುತ್ತದೆ, ಪ್ರಾಣಿ ಕೊನೆಗೆ ಬರಿಯ ಅದು ಆಗುತ್ತದೆ. ಕೇಳುವವರಿಗೆ ಮೊದಮೊದಲು ವ್ಯತ್ಯಾಸವೇ ತಿಳಿಯದು, ಏಕೆಂದರೆ ನಮ್ಮ ದಿನನಿತ್ಯದ ಸಂಭಾಷಣೆಯೂ ಅದು, ಇದು, ಹಾಗೆ, ಹೀಗೆಗಳಿಂದಲೇ ಸಾಗುತ್ತದೆ. ಬರೆದಂತೆ ಓದುವ ಲಿಪಿ ನಮ್ಮದಾದ್ದರಿಂದ ವೃತ್ತಪತ್ರಿಕೆಯ ಸಾಲನ್ನು ತಡೆಯಿಲ್ಲದೆ ಓದಿಬಿಡುವುದೂ ಸಾಧ್ಯ. ಓದಿದ್ದೇನೆಂದು ಕೇಳಿದಾಗಲಷ್ಟೇ ಆ ಶಬ್ದಗಳ ಹಿಂದೆ ಏನೂ ಉಳಿದಿಲ್ಲವೆಂದು ತಿಳಿಯುತ್ತದೆ. ಇನ್ನೊಂದು ಬಗೆಯಲ್ಲಿ ಅರ್ಥ ನೆಟ್ಟಗಿರುತ್ತದೆ, ಉಚ್ಚಾರವೇ ಶ್ರಮವಾಗುತ್ತದೆ. ಹೇಳಬೇಕಾದುದು ಒಳಗೆ ತುಂಬಿದೆ, ನಾಲಗೆ ಅಕ್ಷರಗಳನ್ನು ತಡವುತ್ತದೆ, ವಾಕ್ಯದ ಕಟ್ಟು ಸಡಿಲುತ್ತದೆ. ಮೊದಲನೆಯವನಲ್ಲಿ ಮಾತಿದೆ, ಹೇಳಲು ಏನೂ ಇಲ್ಲ. ಎರಡನೆಯವನಲ್ಲಿ ಹೇಳುವುದಿದೆ, ಮಾತಿಲ್ಲ. ಬೇರೆ ಬೇರೆ ದಿಕ್ಕಿನಿಂದ ಹೊರಟ ಈ ಇಬ್ಬರೂ ಕೆಲವು ವರ್ಷಗಳಲ್ಲಿ ಒಂದೇ ಮೌನಕ್ಕೆ ಬಂದು ಸೇರುತ್ತಾರೆ.

ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಆಡುವ ಗಡಿನಾಡಿನವರಿಗೆ ಇಲ್ಲಿ ಒಂದು ವಿಶೇಷ ಸಂಗತಿಯಿದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರವೈದ್ಯೆ ಸುವರ್ಣಾ ಅಲ್ಲಾಡಿ, ಹೈದರಾಬಾದಿನಲ್ಲಿದ್ದಾಗ ತಮ್ಮ ಸಂಗಡಿಗರೊಡನೆ ಡಿಮೆನ್ಷಿಯಾಕ್ಕೆ ಒಳಗಾದ 648 ಮಂದಿಯನ್ನು ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಅಕ್ಷರ ಕಲಿಯದವರಲ್ಲಿಯೂ ಈ ಅಂತರವಿತ್ತು. ಸಂತೆಯಲ್ಲಿ ಒಂದು ನುಡಿ, ಒಲೆಯ ಬಳಿ ಇನ್ನೊಂದು ನುಡಿ ಆಡುತ್ತ ಬಂದ ಸಾಮಾನ್ಯರಿಗೆ ತಮಗರಿಯದಂತೆಯೇ ಒಂದು ರಕ್ಷೆ ದೊರೆತಿತ್ತು. ಆದರೆ ಅದೇ ಸಂಶೋಧಕರು 2017ರಲ್ಲಿ ಫ್ರಂಟೋಟೆಂಪೊರಲ್ ಬಗೆಯನ್ನೇ ಪ್ರತ್ಯೇಕವಾಗಿ ನೋಡಿದಾಗ, ನಡತೆ ಕೆಡಿಸುವ ರೂಪದಲ್ಲಿ ಈ ರಕ್ಷೆ ಕಂಡಿತು, ಮಾತು ಕೆಡಿಸುವ ರೂಪದಲ್ಲಿ ಕಾಣಲಿಲ್ಲ. ಭಾಷೆಗಳ ನಡುವೆ ದಾಟಾಡುವ ಅಭ್ಯಾಸ ಮನಸ್ಸಿನ ಸಂಯಮವನ್ನು ಬಲಪಡಿಸುತ್ತದೆ, ಭಾಷೆಯನ್ನೇ ಕಾಯಲಾರದು. ಇದರಲ್ಲಿ ವಿಧಿಯ ವ್ಯಂಗ್ಯವನ್ನು ಹುಡುಕುವ ಆಸೆಯಾಗುತ್ತದೆ. ಆದರೆ ದೇಹಕ್ಕೆ ವ್ಯಂಗ್ಯ ಗೊತ್ತಿಲ್ಲ. ಎರಡು ಭಾಷೆಗಳು ಕೂಡಿ ನಿಂತ ನೆಲ ಒಂದೇ ಆದ್ದರಿಂದ ಆ ನೆಲ ಕುಸಿದಾಗ ಎರಡೂ ಇಳಿಯುತ್ತವೆ ಎಂದಷ್ಟೇ ಅದು ಹೇಳುತ್ತಿದೆ.

ಮೌನ ಎಂದಾಗ ನನಗೆ ಮೈಲಾರದ ಕಾರಣಿಕ ನೆನಪಾಗುತ್ತದೆ. ಮಾಘದ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಸದ್ದಲೇ ಎಂದು ಕೂಗುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ವಾಕ್ಯ ನುಡಿದು ಆತ ಮೇಲಿನಿಂದ ಬೀಳುತ್ತಾನೆ. ಆ ಒಂದು ವಾಕ್ಯವನ್ನು ಮಳೆಯ ಮಾತೋ ಬೆಳೆಯ ಮಾತೋ ರಾಜ್ಯದ ಮಾತೋ ಎಂದು ವರ್ಷವಿಡೀ ಬಿಡಿಸುತ್ತಾರೆ. ಮಾತು ಕಡಿಮೆಯಾದಷ್ಟೂ ಕೇಳುವಿಕೆ ಹಿರಿದಾಗುತ್ತದೆ. ಈ ವ್ಯಾಧಿಯ ಮನೆಗಳಲ್ಲಿ ಕೊನೆಯ ವರ್ಷಗಳು ಹೀಗೆಯೇ ಸಾಗುತ್ತವೆ. ತಂದೆ ಇಡೀ ದಿನದಲ್ಲಿ ಆಡಿದ ಒಂದು ಪದವನ್ನು ಮಕ್ಕಳು ಸಂಜೆ ದೂರವಾಣಿಯಲ್ಲಿ ಹಂಚಿಕೊಳ್ಳುತ್ತಾರೆ, ಅದಕ್ಕೆ ನೂರು ಅರ್ಥ ಹಚ್ಚುತ್ತಾರೆ. ಹಲವರಲ್ಲಿ ಸ್ವಂತ ಮಾತು ನಿಂತ ಮೇಲೂ ಬಾಯಿಪಾಠವಾದ ಪ್ರಾರ್ಥನೆ, ಎಣಿಕೆ, ಹಾಡಿನ ಪಲ್ಲವಿ ಕೆಲಕಾಲ ಉಳಿಯುವುದುಂಟು. ಗುಂಪಿನ ಘೋಷಕ್ಕೆ ದನಿಗೂಡಿಸುವಾಗ ಅರ್ಥದ ಹಂಗು ಯಾರಿಗೂ ಇರುವುದಿಲ್ಲ. ಏಳುಕೋಟಿ ಎನ್ನುವವರೆಲ್ಲ ಏಳು ಕೋಟಿ ಏನೆಂದು ಕೇಳಿಕೊಂಡು ಕೂಗುವುದಿಲ್ಲ. ಅಂಥ ಗಳಿಗೆಯಲ್ಲಿ ರೋಗಿಯೂ ಉಳಿದವರೂ ಸ್ವಲ್ಪ ಹೊತ್ತು ಸಮಾನರಾಗುತ್ತಾರೆ.

ಉಳಿದ ಹೊತ್ತಿನಲ್ಲಿ ಆ ಸಮಾನತೆಯನ್ನು ನಾವೇ ಮುರಿಯುತ್ತೇವೆ. ನೋಡಲು ಬಂದ ನೆಂಟರೆಲ್ಲ ರೋಗಿಯ ಮುಂದೆ ಕೂತು ಕೇಳುವ ಪ್ರಶ್ನೆ ಒಂದೇ: ನಾನು ಯಾರು ಹೇಳು ನೋಡೋಣ? ಪ್ರೀತಿಯಿಂದ ಕೇಳುತ್ತಾರೆ, ನಿಜ. ಆದರೂ ಅದು ಪರೀಕ್ಷೆ, ಉತ್ತೀರ್ಣರಾಗುವ ಸಾಧ್ಯತೆಯೇ ಇಲ್ಲದ ಪರೀಕ್ಷೆ. ಉತ್ತರ ಬಾರದಾಗ ಕೇಳಿದವರ ಮುಖ ಸಪ್ಪಗಾಗುತ್ತದೆ. ನಮ್ಮನ್ನೇ ಮರೆತರು ಎಂಬ ನೋವಿನ ಜೊತೆಗೆ ಒಂದು ಸಣ್ಣ ಅವಮಾನವೂ ಮಿಂಚುತ್ತದೆ. ಇಷ್ಟು ವರ್ಷ ಕೊಟ್ಟ ಪ್ರೀತಿಯ ಲೆಕ್ಕಕ್ಕೆ ಇದೇ ಪ್ರತಿಫಲವೇ ಎಂದು ಮನಸ್ಸು ಒಳಗೊಳಗೇ ಕೇಳುತ್ತದೆ. ಆಲ್ಝೈಮರ್‌ಗೆ ಕೊಡುವ ಮಾತ್ರೆಗಳು ಈ ವ್ಯಾಧಿಗೆ ಫಲಿಸುವುದಿಲ್ಲ. ಇದನ್ನು ತಡೆದು ನಿಲ್ಲಿಸುವ ಔಷಧವೂ ಇನ್ನೂ ಇಲ್ಲ. ಅನುಭವಿಗಳು ಹೇಳುವ ಉಪಾಯಗಳು ತೀರ ಸರಳವಾದವು: ದಿನಚರಿ ಬದಲಿಸಬೇಡಿ, ಚಿಕ್ಕ ವಾಕ್ಯಗಳಲ್ಲಿ ಮಾತನಾಡಿ, ಪರೀಕ್ಷೆ ಮಾಡಬೇಡಿ, ಎದುರಿಗೆ ಬಂದಾಗ ನೀವೇ ನಿಮ್ಮ ಹೆಸರು ಹೇಳಿ. ಈ ಕೊನೆಯದು ಎಷ್ಟು ಸುಲಭವೋ ಅಷ್ಟೇ ಕಠಿಣ. ಹೆತ್ತ ತಾಯಿಯ ಮುಂದೆ ನಿಂತು ಅವ್ವಾ, ನಾನು ನಿನ್ನ ಎರಡನೆಯ ಮಗ ಎನ್ನಲು ನಾಲಗೆ ಏಳುವುದಿಲ್ಲ.

ಆದರೆ ನಾವು ಇದನ್ನು ಬೇರೆಡೆ ಸಂಕೋಚವಿಲ್ಲದೆ ಮಾಡುತ್ತಲೇ ಬಂದಿದ್ದೇವೆ. ಖಂಡೋಬನ ಒಕ್ಕಲಿನ ಹಲವು ಮನೆಗಳಲ್ಲಿ ದೇವರ ಜಗುಲಿಯ ಮೇಲೆ ಟಾಕುಗಳಿರುತ್ತವೆ. ಬೆಳ್ಳಿಯ ತಗಡಿನ ಮೇಲೆ ಉಬ್ಬಿಸಿದ ದೇವರ ಪುಟ್ಟ ರೂಪಗಳು. ತಲೆಮಾರುಗಳ ಕಾಲ ತೊಳೆದು ಒರೆಸಿ ಅವುಗಳ ಕಣ್ಣುಮೂಗು ನುಣ್ಣಗಾಗಿರುತ್ತವೆ. ಆ ಟಾಕುಗಳನ್ನು ಜೇಜುರಿಗೆ ತಂದು ಮೂಲದೇವರೊಡನೆ ಭೇಟಿ ಮಾಡಿಸುವ ರೂಢಿಯಿದೆ. ಮನೆಯ ಖಂಡೋಬನೂ ಗುಡ್ಡದ ಖಂಡೋಬನೂ ಒಬ್ಬನೇ ಎಂದು ನಂಬಿದವರೇ ಅವರಿಬ್ಬರ ಪರಿಚಯವನ್ನು ಮತ್ತೆ ಮಾಡಿಸುತ್ತಾರೆ. ಅರ್ಚನೆ ಮಾಡಿಸುವಾಗ ನಾವು ಗೋತ್ರ ಹೇಳುತ್ತೇವೆ, ನಕ್ಷತ್ರ ಹೇಳುತ್ತೇವೆ, ಹೆಸರು ಹೇಳುತ್ತೇವೆ. ಎಲ್ಲವನ್ನೂ ಬಲ್ಲವನೆಂದು ಕರೆಯುವ ದೇವರಿಗೇ ನಮ್ಮ ಹೆಸರು ಹೇಳಿ ನಿಲ್ಲುತ್ತೇವೆ. ಕಳೆದ ವರ್ಷವೂ ಹೇಳಿದ್ದೆನಲ್ಲ, ಇವನಿಗೆ ನೆನಪಿಲ್ಲವೇ ಎಂದು ಮುನಿಯುವುದಿಲ್ಲ. ಆ ಮೌನದ ಮುಖವೂ ನಮ್ಮನ್ನು ಗುರುತಿಸಿದೆಯೆಂದು ತೋರಿಸಿಕೊಡುವುದಿಲ್ಲ. ಗುರುತಿಸಲಿ ಎಂದು ಕೇಳದೆ ಗುರುತು ಕೊಟ್ಟು ಬರುವ ವಿನಯವನ್ನು ಗುಡ್ಡದ ಮೇಲೆ ಕಲಿತವರು ಅದನ್ನು ಮನೆಯ ನಡುಕೋಣೆಗೆ ತರಲಾರೆವೇಕೆ?

ರೋಗಿ ದೇವರಲ್ಲ, ಅವರನ್ನು ದೇವರೆಂದು ಪೂಜಿಸುವುದರಲ್ಲಿ ಒಂದು ಸುಳ್ಳೂ ಇದೆ. ರಾತ್ರಿ ಮೂರು ಗಂಟೆಗೆ ಒದ್ದೆ ಹಾಸಿಗೆ ಬದಲಿಸುವವರಿಗೆ ಅಂಥ ಉಪಮೆಗಳು ಕೆಲಸಕ್ಕೆ ಬಾರವು. ನಿತ್ಯ ಹೆಸರು ಹೇಳಿಕೊಂಡ ಮಾತ್ರಕ್ಕೆ ವ್ಯಾಧಿ ನಿಲ್ಲುವುದೂ ಇಲ್ಲ; ದಿನವೂ ಎದುರಿಗಿದ್ದವರೂ ಒಂದು ದಿನ ಅಪರಿಚಿತರಾಗುತ್ತಾರೆ. ಆದರೆ ಸಾಮೀಪ್ಯದಿಂದ ಪರಿಚಯ ಸ್ವಲ್ಪ ಕಾಲ ಹೆಚ್ಚು ಬಾಳುತ್ತದೆ ಎಂಬುದು ಭಾವುಕತೆಯ ಮಾತಲ್ಲ, ಪರೀಕ್ಷಿಸಿ ಕಂಡ ಸಂಗತಿ. ವರ್ಷಕ್ಕೊಮ್ಮೆ ಬಂದು ಅತ್ತುಹೋಗುವುದಕ್ಕಿಂತ ವಾರಕ್ಕೊಮ್ಮೆ ಬಂದು, ನಾನು ಇಂಥವನು ಎಂದು ಹೇಳಿ, ಅರ್ಧ ಗಂಟೆ ಸುಮ್ಮನೆ ಕೂತು ಹೋಗುವುದಕ್ಕೆ ಅದು ಸಾಕಷ್ಟು ಕಾರಣ ಎಂದು ನನಗೆ ತೋರುತ್ತದೆ. ಕಳೆದುಕೊಳ್ಳುತ್ತಿರುವವರಿಗೆ ಸಮಾಧಾನದ ಮಾತುಗಳು ಬೇಗ ಹಳಸುತ್ತವೆ. ಮಾಡಬಹುದಾದ ಒಂದು ಸಣ್ಣ ಕೆಲಸ ಹಾಗೆ ಹಳಸುವುದಿಲ್ಲ.